ಮಂಗಳವಾಗದ ಕೂಟ: ಯೋಚನೆಯೊಡನೆ ವಾದಕ್ಕೆ ಕೂತ ಮಾಸ್ಟ್ರೊಬ್ಬರ ಪ್ರಕರಣ

ಜೂನ್ ಎರಡನೇ ವಾರ. ಉಡುಪಿಯಲ್ಲಿ ಮಳೆ ಹಿಡಿದು ನಾಲ್ಕು ದಿನವಾಗಿತ್ತು. ಒಳಗೆ ಬಂದವರು ಕೊಡೆಯನ್ನು ಬಾಗಿಲ ಹೊರಗಿಟ್ಟು ಕೂತರು. ಮತ್ತೆ ಎದ್ದು ಹೋಗಿ ಅದನ್ನು ಒಳಗೆ ತಂದು ಕುರ್ಚಿಯ ಹಿಂದೆ ಮರೆಮಾಡಿದರು. ಕೊಡೆಯ ಬಟ್ಟೆಯ ಮೇಲೆ ಬಿಳಿ ಪೇಂಟಿನಲ್ಲಿ ಅವರ ಹೆಸರು ಬರೆದಿತ್ತು. "ಯಾರಾದ್ರೂ ಕೇಳಿದ್ರೆ ನಾನು ಕೆಳಗಿನ ಮಾಳಿಗೆಗೆ ಸೊಂಟನೋವಿಗೆ ಬಂದದ್ದು ಮೇಡಂ" ಅಂದರು. ಕೆಳಗಿನ ಮಾಳಿಗೆಯಲ್ಲಿ ಫಿಸಿಯೋಥೆರಪಿಯವರಿದ್ದಾರೆ. ಮನಸ್ಸಿನ ತೊಂದರೆಗೆ ಮಾತಿನ ಚಿಕಿತ್ಸೆ ಕೊಡುವವಳು ನಾನು; ನನ್ನಲ್ಲಿಗೆ ಬರುವವರಲ್ಲಿ ಅರ್ಧ ಮಂದಿಗೆ ಹೀಗೆ ಸೊಂಟನೋವು.

ಇಲ್ಲಿ ಅವರನ್ನು ಮಾಸ್ಟ್ರು ಎಂದೇ ಕರೆಯುತ್ತೇನೆ. ಊರು, ವಯಸ್ಸು, ಮನೆಯ ವಿವರ, ಶಾಲೆಯ ಲೆಕ್ಕ ಎಲ್ಲವನ್ನೂ ಬದಲಾಯಿಸಿದ್ದೇನೆ. ಬದಲಾಯಿಸಲಿಕ್ಕಾಗದ್ದು ಒಂದೇ: ಅವರು ಹವ್ಯಾಸಿ ತಾಳಮದ್ದಳೆ ಅರ್ಥಧಾರಿ, ಅಂದರೆ ವೇಷ, ಕುಣಿತ ಇಲ್ಲದ ಯಕ್ಷಗಾನದ ಕೂಟದಲ್ಲಿ ಕೂತು, ಭಾಗವತರು ಹಾಡಿದ ಪದ್ಯಕ್ಕೆ ಪಾತ್ರವಾಗಿ ಮಾತಿನಲ್ಲೇ ವಾದಿಸುವವರು. ಅದನ್ನು ತೆಗೆದರೆ ಈ ಪ್ರಕರಣದಲ್ಲಿ ಬರೆಯಲಿಕ್ಕೆ ಏನೂ ಉಳಿಯುವುದಿಲ್ಲ. ಹಾಗಾಗಿ ಬರೆದದ್ದನ್ನು ಅವರಿಗೇ ಓದಲು ಕೊಟ್ಟೆ. ಓದಿ, ಎರಡು ಕಡೆ ಕಾಗುಣಿತ ತಿದ್ದಿ, "ನಮ್ಮ ಕಡೆ ಎರಡು ಮನೆಗೆ ಒಬ್ಬ ಅರ್ಥಧಾರಿ ಇದ್ದಾನೆ, ಹುಡುಕುವವರು ಹುಡುಕಲಿ" ಎಂದು ಒಪ್ಪಿಗೆ ಕೊಟ್ಟರು.

ಹಿನ್ನೆಲೆ

ಐವತ್ತು ದಾಟಿದ ಕನ್ನಡ ಅಧ್ಯಾಪಕರು, ಅನುದಾನಿತ ಪ್ರೌಢಶಾಲೆ. ಮುಖ್ಯೋಪಾಧ್ಯಾಯರು ನಿವೃತ್ತರಾಗಿ, ಹುದ್ದೆ ಭರ್ತಿಯಾಗದೆ, ಹಿರಿಯರೆಂದು ಪ್ರಭಾರ ಇವರ ಹೆಗಲಿಗೆ ಬಂದು ಎರಡು ವರ್ಷವಾಗಿತ್ತು. ಬಿಸಿಯೂಟದ ಅಕ್ಕಿಯ ಲೆಕ್ಕ, ಮೊಟ್ಟೆಯ ಲೆಕ್ಕ, ಇಲಾಖೆಯ ಆನ್‌ಲೈನ್ ಮಾಹಿತಿ, ಆಡಳಿತ ಮಂಡಳಿಯ ಸಭೆ. ಪಾಠ ಮಾಡಲು ಪುರುಸೊತ್ತಿಲ್ಲದೆ ಎಂಟನೇ ತರಗತಿಯ ಕನ್ನಡವನ್ನು ಅತಿಥಿ ಶಿಕ್ಷಕಿಗೆ ಬಿಟ್ಟುಕೊಟ್ಟಿದ್ದರು. ಈ ಮಾತನ್ನು ಅವರು ಮೊದಲ ದಿನವೇ, ಕೇಳದೆಯೇ, ಎರಡು ಸಲ ಹೇಳಿದರು. ನಾನು ಬರೆದುಕೊಂಡೆ, ಮರೆತೆ. ಅದು ಮತ್ತೆ ಬರುತ್ತದೆ.

ಎಸ್ಸೆಸ್ಸೆಲ್ಸಿ ಫಲಿತಾಂಶ ನಮ್ಮ ಎರಡು ಜಿಲ್ಲೆಗಳಲ್ಲಿ ಎಂಥ ಸಂಗತಿ ಎಂಬುದು ಹೊರಗಿನವರಿಗೆ ಬೇಗ ಅರ್ಥವಾಗುವುದಿಲ್ಲ. 2024ರಲ್ಲಿ ಉಡುಪಿ ರಾಜ್ಯಕ್ಕೆ ಮೊದಲು, ದಕ್ಷಿಣ ಕನ್ನಡ ಎರಡನೆಯದು; 2025ರಲ್ಲಿ ದಕ್ಷಿಣ ಕನ್ನಡ ಮೊದಲು, ಉಡುಪಿ ಎರಡನೆಯದು. ಹೀಗೆ ಎಲ್ಲರೂ ಪಾಸಾಗುವ ಕಡೆ ಫೇಲಾದ ಒಂದು ಮಗು ಬಿಳಿ ಪಂಚೆಯ ಮೇಲಿನ ಎಲೆಯಡಿಕೆ ಕಲೆಯ ಹಾಗೆ ಕಾಣುತ್ತದೆ. ಮಾಸ್ಟ್ರ ಶಾಲೆಗೆ ಅದರ ಹಿಂದಿನ ಮೂರು ವರ್ಷ ನೂರಕ್ಕೆ ನೂರು ಬಂದಿತ್ತು. ಆ ಮೇ ತಿಂಗಳಲ್ಲಿ 41 ಮಕ್ಕಳಲ್ಲಿ 4 ಮಂದಿ ಫೇಲಾದರು.

ಅದಾಗಿ ಎರಡು ವಾರಕ್ಕೆ ಒಂದು ದೇವಸ್ಥಾನದಲ್ಲಿ ತಾಳಮದ್ದಳೆ. ಇವರದ್ದು ವಾಲಿ. ಬಾಣ ತಾಗಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಎಂದು ರಾಮನನ್ನು ಕೇಳುವ ಜಾಗ. ಇಪ್ಪತ್ತು ವರ್ಷಗಳಿಂದ ಹೇಳಿದ ಅರ್ಥ. ಎದುರಿನ ಸಾಲಿನಲ್ಲಿ ಆಡಳಿತ ಮಂಡಳಿಯ ಸದಸ್ಯರೊಬ್ಬರು ಕೂತದ್ದು ಕಣ್ಣಿಗೆ ಬಿತ್ತು. "ಶಾಲೆಯಲ್ಲಿ ನಾಲ್ಕು ಮಕ್ಕಳನ್ನು ಮುಳುಗಿಸಿದವ ಇಲ್ಲಿ ಧರ್ಮ ಕೇಳ್ತಾನೆ" ಎಂಬ ಯೋಚನೆ ಬಂತು, ಮಾತು ಕಟ್ಟಿತು. ಇಪ್ಪತ್ತು ಸೆಕೆಂಡು ಇರಬಹುದು ಎನ್ನುತ್ತಾರೆ. ಭಾಗವತರು ಅನುಭವಸ್ಥರು, ತಡಮಾಡದೆ ಮುಂದಿನ ಪದ್ಯ ಎತ್ತಿಕೊಂಡರು. ಕೂಟ ಮುಂದೆ ಹೋಯಿತು. ಮಾಸ್ಟ್ರು ಮಾತ್ರ ಅಲ್ಲೇ ಉಳಿದರು.

ಸಮಸ್ಯೆ

ಪ್ರತಿರಾತ್ರಿ ಮೂರರ ಸುಮಾರಿಗೆ ಎಚ್ಚರ. ಎದೆ ಬಿಗಿ, ಅಂಗೈ ಬೆವರು. ಇಸಿಜಿ, ಥೈರಾಯ್ಡ್, ಸಕ್ಕರೆ ಎಲ್ಲ ನೋಡಿಸಿ ಆಗಿತ್ತು, ಎಲ್ಲ ಸರಿಯಿತ್ತು. ಮನೆಯವರು ಜೋಯಿಸರಲ್ಲಿ ಪ್ರಶ್ನೆ ಇಡಿಸಿ, ಸುಬ್ರಹ್ಮಣ್ಯ ದೇವಸ್ಥಾನದಲ್ಲಿ ಆಶ್ಲೇಷಾ ಬಲಿ ಎಂಬ ಸೇವೆಯನ್ನೂ ಮಾಡಿಸಿದ್ದರು. ಇದನ್ನು ಹೇಳುವಾಗ ಅವರು ನನ್ನ ಮುಖ ನೋಡಿದರು, ನಾನು ನಗುತ್ತೇನೋ ಎಂದು. ಸೇವೆಯ ದಿನ ಹೇಗಿತ್ತು ಎಂದು ಕೇಳಿದೆ. "ಆ ರಾತ್ರಿ ಒಂದು ನಿದ್ರೆ ಬಂತು" ಎಂದರು. ದಿನವಿಡೀ ಮಳೆಯಲ್ಲಿ, ಹೆಂಡತಿಯೊಟ್ಟಿಗೆ, ಶಾಲೆಯ ಫೋನು ಇಲ್ಲದೆ ಇದ್ದ ದಿನ ಅದು.

ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ 27ಕ್ಕೆ 13, ಆತಂಕದ ಜಿಎಡಿ-7ರಲ್ಲಿ 21ಕ್ಕೆ 16. ಜಿಎಡಿಯಲ್ಲಿ 15 ಅಥವಾ ಅದಕ್ಕಿಂತ ಹೆಚ್ಚು ಬಂದರೆ ತೀವ್ರ ಎಂದು ಲೆಕ್ಕ. ಪಿಎಚ್‌ಕ್ಯೂವಿನ ಒಂಬತ್ತನೇ ಪ್ರಶ್ನೆ ಜೀವ ಕಳೆದುಕೊಳ್ಳುವ ಯೋಚನೆಯ ಬಗ್ಗೆ. ಅದಕ್ಕೆ ಸೊನ್ನೆ ಹಾಕಿದ್ದರು, ಆದರೂ ಬಾಯಿಬಿಟ್ಟು ಕೇಳಿದೆ. ಕಾಗದದ ಮೇಲಿನ ಸೊನ್ನೆಯನ್ನು ನಾನು ನಂಬುವುದಿಲ್ಲ. ಇಲ್ಲ ಎಂದರು, ನೇರವಾಗಿ. ಆದರೂ ಹೊತ್ತಲ್ಲದ ಹೊತ್ತಿಗೆ ಬೇಕಾದರೆ ಇರಲಿ ಎಂದು ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಅವರ ಡೈರಿಯಲ್ಲಿ ಬರೆಸಿದೆ. ಅಂಕ ಇಷ್ಟಿದ್ದ ಕಾರಣ ಮನೋವೈದ್ಯರನ್ನೂ ಕಾಣಲು ಹೇಳಿದೆ. ವೈದ್ಯರು ಮಾತ್ರೆಯ ವಿಷಯ ವಿವರಿಸಿದರು. ಮಾಸ್ಟ್ರಿಗೆ ಮೊದಲು ಮಾತಿನ ಚಿಕಿತ್ಸೆ ನೋಡುವ ಮನಸ್ಸು. ಆರು ವಾರದ ನಂತರ ಮತ್ತೆ ನೋಡುವುದು, ಅಷ್ಟರಲ್ಲಿ ಹೆಚ್ಚಾದರೆ ಕಾಯಬಾರದು ಎಂದು ಮೂವರೂ ಒಪ್ಪಿಕೊಂಡೆವು.

ರಾತ್ರಿಯ ಯೋಚನೆಗಳನ್ನು ಒಂದೊಂದಾಗಿ ಕೆಳಗೆ ಇಳಿಸುತ್ತ ಹೋದಾಗ ತಳದಲ್ಲಿ ಸಿಕ್ಕಿದ್ದು ಒಂದು ಶಬ್ದ. "ನಾಲ್ಕು ಮಕ್ಕಳು ಫೇಲ್ ಆದರೆ ಏನರ್ಥ?" "ನಾನು ನೋಡ್ಲಿಲ್ಲ ಅಂತ." "ನೋಡದಿದ್ದರೆ?" "ಬರೀ ಮಾತು ಅಂತ." "ಬರೀ ಮಾತಾದರೆ?" ಸ್ವಲ್ಪ ಹೊತ್ತು ಸುಮ್ಮನಿದ್ದು "ಪೊಳ್ಳು" ಎಂದರು. "ನಾನು ಪೊಳ್ಳು ಮೇಡಂ. ಭತ್ತ ತೂರುವಾಗ ಗಾಳಿಗೆ ಹೋಗ್ತದಲ್ಲ, ಅದು."

ಅಷ್ಟರಲ್ಲಿ ಮೂರು ಕೂಟಗಳಿಗೆ ಬರುವುದಿಲ್ಲ ಎಂದಿದ್ದರು. ಫೇಲಾದ ಮಕ್ಕಳ ಮನೆಯವರು ಸಿಗಬಹುದೆಂದು ಸಂತೆಯ ದಿನ ಪೇಟೆಗೆ ಹೋಗುವುದನ್ನೂ ಬಿಟ್ಟಿದ್ದರು.

ಮೊದಲು ಮಾಡಿದ್ದು

ನಾನು ಶುರುಮಾಡಿದ್ದು ಸಿಬಿಟಿಯಿಂದ, ಅಂದರೆ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, ಯೋಚನೆ ಮತ್ತು ನಡವಳಿಕೆಯ ಚಿಕಿತ್ಸೆ. ಆರನ್ ಬೆಕ್ ಎಂಬ ಮನೋವೈದ್ಯರು ಫಿಲಡೆಲ್ಫಿಯಾದಲ್ಲಿ 1960ರ ದಶಕದಲ್ಲಿ ಕಟ್ಟಿದ ದಾರಿ ಇದು. ಫ್ರಾಯ್ಡ್‌ನ ಪಂಥದಲ್ಲಿ ತರಬೇತಾದ ಬೆಕ್, ಖಿನ್ನತೆಯ ರೋಗಿಗಳ ತಲೆಯಲ್ಲಿ ತಮ್ಮಷ್ಟಕ್ಕೆ ಚಿಮ್ಮುವ ಚುಟುಕು ಯೋಚನೆಗಳನ್ನು ಗಮನಿಸಿದರು. ಅವು ನಿಜವೇ ಎಂದು ರೋಗಿಯೇ ಪರೀಕ್ಷಿಸಿ ನೋಡಲು ಕಲಿತರೆ ಭಾರ ಇಳಿಯುತ್ತದೆ ಎಂಬುದು ಅದರ ತಿರುಳು. ಮನೆಪಾಠಕ್ಕೆ ಒಂದು ಹಾಳೆ ಕೊಡುತ್ತೇವೆ, ಏಳು ಕಲಂ: ಏನಾಯಿತು, ಏನನ್ನಿಸಿತು, ಬಂದ ಯೋಚನೆ, ಅದಕ್ಕೆ ಪುರಾವೆ, ವಿರುದ್ಧ ಪುರಾವೆ, ಎರಡನ್ನೂ ತೂಗಿದ ಮಾತು, ಈಗ ಹೇಗನ್ನಿಸುತ್ತದೆ.

ಎಷ್ಟೋ ಜನರಿಗೆ ಇದು ಚೆನ್ನಾಗಿ ಹಿಡಿಸುತ್ತದೆ. ಮಾಸ್ಟ್ರಿಗಂತೂ ಹಬ್ಬವಾಯಿತು. ಹಾಳೆ ಸಾಲುವುದಿಲ್ಲ ಎಂದು 200 ಪುಟದ ಲಾಂಗ್ ಬುಕ್ ತಂದು, ಸ್ಕೇಲಿಟ್ಟು ಗೆರೆ ಹೊಡೆದು ಕಲಂ ಮಾಡಿದರು. ಮುಂದಿನ ವಾರ ಒಂಬತ್ತು ಪುಟ, ಅದರ ಮುಂದಿನ ವಾರ ಇಪ್ಪತ್ತಮೂರು. ಏನು ಬರಹ! "ನಾಲ್ಕು ಮಕ್ಕಳು ಹೋದದ್ದು ನಿನ್ನಿಂದ" ಎಂಬುದಕ್ಕೆ ಪುರಾವೆ: ಫೆಬ್ರವರಿಯಲ್ಲಿ ವಿಶೇಷ ತರಗತಿಗೆ ಬಾರದವರ ಮನೆಗೆ ಹೋಗಲಿಲ್ಲ. ವಿರುದ್ಧ: ಆ ತಿಂಗಳು ಇಲಾಖೆಯ ತಪಾಸಣೆ ಇತ್ತು. ಪ್ರತಿವಿರುದ್ಧ, ಹೀಗೊಂದು ಹೊಸ ಕಲಂ ಅವರೇ ಹಾಕಿಕೊಂಡಿದ್ದರು: ತಪಾಸಣೆ ಮೂರೇ ದಿನ, ಉಳಿದ ಇಪ್ಪತ್ತೈದು ದಿನಕ್ಕೆ ಉತ್ತರವೇನು?

ನನಗೆ ಓದಲು ಖುಷಿಯಾಗುತ್ತಿತ್ತು. ಇದನ್ನು ಒಪ್ಪಿಕೊಳ್ಳಲೇಬೇಕು. ನಾನೂ ಚಿಕ್ಕಂದಿನಲ್ಲಿ ಅಜ್ಜನ ಮಗ್ಗುಲಲ್ಲಿ ಕೂತು ಕೂಟ ಕೇಳಿದವಳು. ಅವರ ವಾದಕ್ಕೆ ನಾನೊಂದು ಪ್ರತಿವಾದ ಹುಡುಕಿ ಕೊಡುತ್ತಿದ್ದೆ, ಅವರು ಕಣ್ಣರಳಿಸಿ "ಅದು ಪಾಯಿಂಟ್ ಹೌದು ಮೇಡಂ" ಎಂದು ಬರೆದುಕೊಳ್ಳುತ್ತಿದ್ದರು. ಐವತ್ತು ನಿಮಿಷದ ಅವಧಿ ಒಂದೂಕಾಲು ಗಂಟೆಗೆ ಹೋಗುತ್ತಿತ್ತು. ಚಿಕಿತ್ಸೆ ಬಹಳ ಚೆನ್ನಾಗಿ ನಡೆಯುತ್ತಿದೆ ಎಂದು ನಾನು ನಂಬಿದ್ದೆ.

ನಾಲ್ಕನೇ ಭೇಟಿಗೆ ಜಿಎಡಿ 14, ಐದನೆಯದಕ್ಕೆ 15. ಹತ್ತಿರಹತ್ತಿರ ಹೊರಟಲ್ಲೇ ಇದ್ದೆವು.

ತಿರುವು

ಐದನೇ ಭೇಟಿಯ ನಂತರ, ಅವರು ಮರೆತು ಬಿಟ್ಟುಹೋದ ಪುಸ್ತಕವನ್ನು ಎತ್ತಿಡುವಾಗ, ನಾನು ಅದುವರೆಗೆ ನೋಡದೆ ಬಿಟ್ಟ ಒಂದು ವಿಷಯ ಕಂಡಿತು. ಅಧ್ಯಾಪಕರಲ್ಲವೇ, ಪ್ರತಿ ಪುಟದ ಮೇಲೆ ವೇಳೆ ಹಾಕಿದ್ದರು. 3.10ರಿಂದ 4.40. 2.50ರಿಂದ 4.30. 3.05ರಿಂದ 5. ಏಳನೇ ಕಲಮಿನಲ್ಲಿ, "ಈಗ ಹೇಗನ್ನಿಸುತ್ತದೆ" ಎಂಬಲ್ಲಿ, ಬಹುತೇಕ ದಿನ ಒಂದೇ ಮಾತು: ನಾಳೆಗೆ ಮುಂದುವರಿಸುವುದು.

ಮುಂಚೆ ಮೂರಕ್ಕೆ ಎದ್ದು ನಾಲ್ಕರ ಹೊತ್ತಿಗೆ ಹೇಗೋ ಜೊಂಪು ಹತ್ತುತ್ತಿತ್ತು. ಈಗ ದೀಪ ಹಾಕಿ ಕೂತು ಬರೆಯುತ್ತಿದ್ದರು. ನಾನೇ ಬರೆಯಲು ಕೊಟ್ಟದ್ದು.

ಹಿರಿಯ ಸಹೋದ್ಯೋಗಿಯೊಬ್ಬರ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿ, "ನೀನು ಅವರಿಗೆ ಚಿಕಿತ್ಸೆ ಕೊಡ್ತಾ ಇಲ್ಲ ಮಾರಾಯ್ತಿ. ಅವರ ಎದುರು ಅರ್ಥ ಹೇಳ್ಲಿಕ್ಕೆ ಕೂತಿದ್ದಿ" ಎಂದರು. ಮುಖಕ್ಕೆ ನೀರು ಚಿಮುಕಿಸಿದ ಹಾಗಾಯಿತು.

ಆರನೇ ಭೇಟಿಯಲ್ಲಿ ಪುಸ್ತಕ ಅವರ ಮುಂದಿಟ್ಟು ವೇಳೆಗಳನ್ನು ತೋರಿಸಿದೆ. ತಪ್ಪು ನನ್ನದು ಎಂದೆ. ಅವರು ಪುಟ ತಿರುಗಿಸುತ್ತ, ನಗುತ್ತ ಹೇಳಿದ ಮಾತನ್ನೇ ಈ ಬರಹದ ತಲೆಗೆ ಇಟ್ಟಿದ್ದೇನೆ. "ಕೂಟ ಒಳ್ಳೆಯದೇ ಆಗ್ತದೆ ಮೇಡಂ. ವಾಲಿಯೂ ನಾನೇ, ರಾಮನೂ ನಾನೇ, ಇಬ್ಬರೂ ಸೋಲುವುದಿಲ್ಲ. ಮಂಗಳ ಹಾಡಿ ಮುಗಿಸುವವರೇ ಇಲ್ಲ."

ಸಾಮಾನ್ಯ ಮನುಷ್ಯನ ಕೆಟ್ಟ ಯೋಚನೆಗೆ ವಕೀಲ ಇರುವುದಿಲ್ಲ. ಎರಡು ಪ್ರಶ್ನೆ ಕೇಳಿದರೆ ಅದು ತಡವರಿಸುತ್ತದೆ. ಮಾಸ್ಟ್ರ ಯೋಚನೆಗೆ ಇಪ್ಪತ್ತು ವರ್ಷ ಮಳೆಗಾಲ ಪೂರ್ತಿ ಅಭ್ಯಾಸ ಮಾಡಿದ ವಕೀಲನಿದ್ದ. ಯಾವ ಪಕ್ಷ ಕೊಟ್ಟರೂ ಸಮರ್ಥಿಸುವುದೇ ಒಳ್ಳೆಯ ಅರ್ಥಧಾರಿಯ ಲಕ್ಷಣ. ಒಂದು ವಾರ ವಾಲಿ, ಮುಂದಿನ ವಾರ ರಾಮ. ಅಂಥವರಿಗೆ ಪುರಾವೆ ತೂಗಿ ನೋಡಿ ಎಂದರೆ ತೂಗುತ್ತಲೇ ಕೂರುತ್ತಾರೆ.

ದಾರಿ ಬದಲಾಯಿಸಿದ್ದು

ಸ್ವೀಕಾರ ಮತ್ತು ಬದ್ಧತೆಯ ಚಿಕಿತ್ಸೆ, ಸುಲಭಕ್ಕೆ ಆಕ್ಟ್ ಎನ್ನುತ್ತೇವೆ, 1980ರ ದಶಕದಲ್ಲಿ ಸ್ಟೀವನ್ ಹೇಯ್ಸ್ ಮತ್ತು ಜೊತೆಗಾರರಿಂದ ಶುರುವಾದದ್ದು. ಸಿಬಿಟಿಯ ವಂಶದ್ದೇ, ಆದರೆ ಒಂದು ಕಡೆ ಬೇರೆ ತಿರುಗುತ್ತದೆ: ಯೋಚನೆ ಸರಿಯೋ ತಪ್ಪೋ ಎಂದು ತೀರ್ಪು ಕೊಡಲು ಹೋಗುವುದಿಲ್ಲ. ಯೋಚನೆ ಬಂದಾಗ ನೀವು ಏನು ಮಾಡುತ್ತೀರಿ, ಅದು ನಿಮ್ಮ ಬದುಕನ್ನು ಯಾವ ಕಡೆ ಎಳೆಯುತ್ತದೆ ಎಂದು ಕೇಳುತ್ತದೆ.

ಹೇಯ್ಸ್ ಅವರ ಕತೆಯನ್ನೂ ಮಾಸ್ಟ್ರಿಗೆ ಹೇಳಿದೆ. 1978ರಲ್ಲಿ, ಯುವ ಪ್ರಾಧ್ಯಾಪಕರಾಗಿದ್ದಾಗ, ವಿಭಾಗದ ಸಭೆಯಲ್ಲಿ ಮಾತಾಡಲು ಬಾಯಿ ತೆರೆದರೆ ಸ್ವರವೇ ಹೊರಡಲಿಲ್ಲ. ಅದು ಅವರ ಮೊದಲ ಪ್ಯಾನಿಕ್, ಏಕಾಏಕಿ ಮೇಲೆರಗುವ ಗಾಬರಿ. ಮುಂದೆ ವರ್ಷಗಟ್ಟಲೆ ಅದರೊಡನೆ ಹೊಡೆದಾಡಿ, ಹೊಡೆದಾಟವೇ ಅದನ್ನು ಬೆಳೆಸುತ್ತದೆ ಎಂದು ಕಂಡುಕೊಂಡರು. ಮಾಸ್ಟ್ರು ಕುರ್ಚಿಯಲ್ಲಿ ಮುಂದೆ ಬಂದರು. "ಅವರಿಗೆ ಪದ್ಯ ಎತ್ತಿಕೊಡುವ ಭಾಗವತರೂ ಇರ್ಲಿಲ್ಲ, ಅಲ್ವಾ?"

ಮೊದಲ ಅಭ್ಯಾಸ ಹಳೆಯದು, ಕಳೆದ ಶತಮಾನದ ಆರಂಭದಲ್ಲಿ ಟಿಚನರ್ ಎಂಬ ಮನೋವಿಜ್ಞಾನಿ ಬರೆದದ್ದು: ಒಂದು ಶಬ್ದವನ್ನು ಬೇಗಬೇಗ ಹೇಳುತ್ತ ಹೋದರೆ ಅರ್ಥ ಕಳಚಿ ಬರೀ ಸದ್ದು ಉಳಿಯುತ್ತದೆ. ಆಕ್ಟ್‌ನಲ್ಲಿ ಅದನ್ನು ನೋವಿನ ಶಬ್ದಕ್ಕೆ ಬಳಸುತ್ತಾರೆ. ಇಬ್ಬರೂ ಸೇರಿ ಮುಕ್ಕಾಲು ನಿಮಿಷ "ಪೊಳ್ಳು ಪೊಳ್ಳು ಪೊಳ್ಳು" ಎಂದೆವು. ಕೆಳಗಿನ ಮಾಳಿಗೆಯವರು ಏನೆಂದುಕೊಂಡರೋ. ಕೊನೆಗೆ ಮಾಸ್ಟ್ರ ಬೆರಳು ಮೇಜಿನ ಮೇಲೆ ತಾಳ ಹಾಕುತ್ತಿತ್ತು. "ಇದು ಮದ್ದಳೆಯ ಪೆಟ್ಟು ಆಯ್ತಲ್ಲ!"

ಕೋಣೆಯಲ್ಲಿ ಕೆಲಸ ಮಾಡಿದ್ದು ಮನೆಯಲ್ಲಿ ಮಾಡಲಿಲ್ಲ. ಮುಂದಿನ ವಾರ ಬಂದು, "ಐವತ್ತು ಸಲ ಹೇಳಿದೆ ಮೇಡಂ, ಹೋಗುವುದಿಲ್ಲ ಅದು" ಎಂದು ದೂರಿದರು. ಯೋಚನೆಯನ್ನು ಓಡಿಸಲು ಅವರಿಗೆ ನಾನು ಇನ್ನೊಂದು ಬಡಿಗೆ ಕೊಟ್ಟ ಹಾಗಾಗಿತ್ತು. ಓಡಿಸಿದ್ದು ಮರಳಿ ಬರುತ್ತದೆ: 1987ರಲ್ಲಿ ಡೇನಿಯಲ್ ವೆಗ್ನರ್ ವಿದ್ಯಾರ್ಥಿಗಳಿಗೆ ಐದು ನಿಮಿಷ ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಎಂದರು. ಗಂಟೆ ನಿಲ್ಲಲಿಲ್ಲ. ಆಮೇಲೆ ನೆನೆಯಬಹುದು ಎಂದಾಗ, ಮೊದಲೇ ತಡೆಹಿಡಿದವರು ತಡೆಯದವರಿಗಿಂತ ಹೆಚ್ಚು ನೆನೆದರು.

ಹಾಗಾದರೆ ಮೂರು ಗಂಟೆಗೆ ಎದುರಿನವ, ಅಂದರೆ ಆ ಯೋಚನೆ, ಮಾತು ತೆಗೆದರೆ ಏನು ಮಾಡುವುದು? "ಮಾತಾಡಲಿ. ನೀವು ಉತ್ತರ ಕೊಡಬೇಡಿ. ಎದ್ದು ಓಡಬೇಡಿ" ಎಂದೆ. ಅವರು ತಕ್ಷಣ ಒಪ್ಪಲಿಲ್ಲ. ಅವರ ಆಕ್ಷೇಪ ಸರಿಯಾಗಿಯೇ ಇತ್ತು. "ಕೂಟದಲ್ಲಿ ಉತ್ತರ ಕೊಡದವ ಸೋತ ಹಾಗೆ ಮೇಡಂ. ನಾನು ಸುಮ್ಮನೆ ಕೂತರೆ, ಹೌದು, ನಾನು ಪೊಳ್ಳು ಅಂತ ಒಪ್ಪಿದ ಹಾಗಲ್ವಾ?"

ಇಲ್ಲಿ ನನ್ನ ಬಾಯಿಗೆ ಒಳ್ಳೆಯ ಪ್ರತಿವಾದವೊಂದು ಬಂತು. ನುಂಗಿಕೊಂಡೆ. ಈ ಪ್ರಕರಣದಲ್ಲಿ ನಾನು ಮಾಡಿದ ಸರಿಯಾದ ಕೆಲಸ ಯಾವುದೆಂದು ಕೇಳಿದರೆ ಇದನ್ನೇ ತೋರಿಸುತ್ತೇನೆ. ಬದಲಿಗೆ ಕೇಳಿದೆ, "ಆ ಹೊತ್ತಿಗೆ ಕೂಟ ಕೇಳಲು ಯಾರು ಬಂದಿರ್ತಾರೆ ಮಾಸ್ಟ್ರೇ?"

ಬಹಳ ಹೊತ್ತು ಮಾತಿಲ್ಲ. ಹೊರಗೆ ಸಿಟಿ ಬಸ್ಸಿನ ಕಂಡಕ್ಟರ್ ಮಣಿಪಾಲ ಮಣಿಪಾಲ ಎಂದು ಕೂಗುತ್ತಿದ್ದ. ಆಮೇಲೆ ಅವರು ಹೇಳಿದ್ದು ನಾನು ಯಾವ ತರಬೇತಿಯಲ್ಲೂ ಕೇಳದ ಮಾತು. "ಕೂಟಕ್ಕೆ ಮುಂಚೆ ವಾಲಿಯೂ ರಾಮನೂ ಒಂದೇ ಚಾವಡಿಯಲ್ಲಿ ಕೂತು ಕಾಫಿ ಕುಡೀತೇವೆ. ಕೂಟ ಮುಗಿದ ಮೇಲೆ ಒಂದೇ ಬೈಕಿನಲ್ಲಿ ಮನೆಗೆ ಹೋಗ್ತೇವೆ. ಆ ಕಾಫಿ ಕುಡಿಯುವವ ಉಂಟಲ್ಲ, ಅವನನ್ನು ನಾನು ಮರೆತೇ ಬಿಟ್ಟೆ." ಯೋಚನೆಗಳು ಬಂದು ಹೋಗುವ ಜಾಗವೇ ಬೇರೆ, ಯೋಚನೆಯೇ ಬೇರೆ ಎಂದು ಆಕ್ಟ್ ಹೇಳುವುದನ್ನು ತಿಳಿಸಲು ನಾನು ಆಕಾಶ, ಮೋಡ ಎಂದೆಲ್ಲ ಉಪಮೆ ಸಿದ್ಧಮಾಡಿಕೊಂಡಿದ್ದೆ. ತೆಗೆಯಲೇ ಇಲ್ಲ.

ರಾತ್ರಿ ಮಾಡಬೇಕಾದ್ದು ಬಹಳ ಸಣ್ಣದು ಎಂದು ನಿಶ್ಚಯವಾಯಿತು. ಎಚ್ಚರವಾದರೆ ದೀಪ ಹಾಕುವುದಿಲ್ಲ, ಬರೆಯುವುದಿಲ್ಲ. "ಕೂಟ ಶುರುವಾಯಿತು" ಎಂದು ಒಮ್ಮೆ ಹೇಳಿಕೊಳ್ಳುವುದು. ಎದೆಯ ಬಿಗಿ ಎಲ್ಲಿಂದ ಎಲ್ಲಿಯವರೆಗೆ ಉಂಟು ಎಂದು ಕೈಯಿಟ್ಟು ನೋಡುವುದು. ಹಂಚಿನ ಮೇಲೆ ಬೀಳುವ ಮಳೆಯ ಸದ್ದು ಕೇಳುವುದು. ನಿದ್ರೆ ಬಂದರೆ ಬಂತು.

ಮನೆಯವರು

ಎಂಟನೇ ಭೇಟಿಗೆ ಅವರ ಹೆಂಡತಿಯನ್ನೂ ಕರೆಸಿದೆ. ಗೊತ್ತಾದದ್ದು: ಪ್ರತಿರಾತ್ರಿ ಅವರನ್ನೂ ಎಬ್ಬಿಸಿ, "ನನ್ನಿಂದ ತಪ್ಪಾಯ್ತಾ?" ಎಂದು ಕೇಳುವುದು, ಇವರು "ಎಂತದೂ ಆಗ್ಲಿಲ್ಲ ಮಾರಾಯ್ರೆ, ನೀವು ಮಲಗಿ" ಎನ್ನುವುದು, ಹತ್ತು ನಿಮಿಷಕ್ಕೆ ಮತ್ತೆ ಕೇಳುವುದು. ಸಮಾಧಾನದ ಮಾತು ಬೆಲ್ಲದ ಚೂರಿನ ಹಾಗೆ, ಕರಗಿದ ಕೂಡಲೇ ಇನ್ನೊಂದು ಬೇಕು. ಇನ್ನು ಮೇಲೆ ಉತ್ತರ ಕೊಡುವುದು ಬೇಡ, "ಅದಕ್ಕೆ ನಾನು ಉತ್ತರ ಹೇಳುವುದಿಲ್ಲ, ನೀರು ಬೇಕಾ?" ಎಂದಷ್ಟೇ ಕೇಳಬೇಕು ಎಂದು ಮೂವರೂ ಒಪ್ಪಿದೆವು. ಮೂರನೇ ರಾತ್ರಿ ಇಬ್ಬರಿಗೂ ಜಗಳವಾಯಿತು. ಹೆಂಡತಿ ಉತ್ತರ ಕೊಟ್ಟುಬಿಟ್ಟರು. ಮರುದಿನ ಫೋನು ಮಾಡಿ "ನನ್ನಿಂದ ಆಗುವುದಿಲ್ಲ ಮೇಡಂ, ಅವರ ಮುಖ ನೋಡ್ಲಿಕ್ಕೆ ಆಗುವುದಿಲ್ಲ" ಎಂದು ಅತ್ತರು. ಅವರನ್ನು ದೂರಲಿಲ್ಲ. ಇಪ್ಪತ್ತಾರು ವರ್ಷದ ಅಭ್ಯಾಸವನ್ನು ನಾನು ಒಂದು ಗಂಟೆಯಲ್ಲಿ ಬಿಡಿಸಲು ಹೋಗಿದ್ದೆ. ವಾರಕ್ಕೆ ನಾಲ್ಕು ದಿನ ಎಂದು ಇಳಿಸಿದೆವು.

ಬೇಕಾದ್ದೇನು ಎಂಬ ಪ್ರಶ್ನೆ

ಯೋಚನೆ ಇರುತ್ತ ಏನು ಮಾಡುತ್ತೀರಿ ಎಂದು ಕೇಳುವ ಮೊದಲು ನಿಮಗೆ ಏನು ಮುಖ್ಯ ಎಂದು ಕೇಳಬೇಕು. ಮಾಸ್ಟ್ರು ಮೊದಲು ಪೀಠಿಕೆ ಹಾಕಿದರು: ಸಮಾಜ, ಸಂಸ್ಕೃತಿ, ಕರ್ತವ್ಯ. ನಾನು ಕಾದೆ. ಕೊನೆಗೆ, "ಎಂಟನೇ ಕ್ಲಾಸಿನ ಮಕ್ಕಳು ಹಳಗನ್ನಡದ ಒಂದು ಸಾಲು ಮೊದಲ ಸಲ ಬಿಡಿಸುವಾಗ ಅವರ ಮುಖ ನೋಡಬೇಕು ಮೇಡಂ" ಎಂದರು. ಮೊದಲ ದಿನ ನಾನು ಬರೆದು ಮರೆತದ್ದು ಇದೇ. ಎರಡು ವರ್ಷಗಳಿಂದ ಅವರು ಆ ಮುಖ ನೋಡಿರಲಿಲ್ಲ. ಶಾಲೆ ಎಂದರೆ ಮೊಟ್ಟೆಯ ಲೆಕ್ಕವಾಗಿತ್ತು.

ಮುಂದಿನ ಸೋಮವಾರದಿಂದ ಎಂಟನೇ ತರಗತಿಯ ವಾರಕ್ಕೆ ಎರಡು ಅವಧಿ ಮರಳಿ ತೆಗೆದುಕೊಂಡರು. ಆತಂಕ ಕಡಿಮೆಯಾಗಲಿ ಎಂದು ಕಾಯಲಿಲ್ಲ.

ಇನ್ನೊಂದು ಕೆಲಸ ಕಷ್ಟದ್ದು. 2024ರಲ್ಲಿ ಶುರುವಾದ ಕ್ರಮದಂತೆ ಆಗ ಎಸ್ಸೆಸ್ಸೆಲ್ಸಿಗೆ ವರ್ಷದಲ್ಲಿ ಮೂರು ಪರೀಕ್ಷೆ ಇತ್ತು. ನಾಲ್ವರಲ್ಲಿ ಇಬ್ಬರು ಎರಡನೆಯದರಲ್ಲಿ ಪಾಸಾಗಿದ್ದರು. ಇದನ್ನು ಮಾಸ್ಟ್ರು ಆರು ವಾರ ನನಗೆ ಹೇಳಿರಲೇ ಇಲ್ಲ. ಅವರ ಪುಸ್ತಕದ ಯಾವ ಕಲಮಿನಲ್ಲೂ ಅದು ಇರಲಿಲ್ಲ. ಒಬ್ಬಳು ಮೂರನೆಯದಕ್ಕೆ ಕಟ್ಟಿದ್ದಳು. ನಾಲ್ಕನೆಯ ಹುಡುಗನ ಸುದ್ದಿಯಿಲ್ಲ. ಅವನ ಮನೆಗೆ ಹೋಗುವುದು ಎಂದು ಅವರೇ ಹೇಳಿದರು. ಎರಡು ಭಾನುವಾರ ಹೋಗಲಿಲ್ಲ. ಮೂರನೇ ಭಾನುವಾರ ರೇನ್‌ಕೋಟು ಹಾಕಿ ಬೈಕ್ ಹತ್ತಿದರು. "ದಾರಿ ಪೂರ್ತಿ ಹಿಂದಿನ ಸೀಟಿನಲ್ಲಿ ಕೂತು ಪೊಳ್ಳು ಪೊಳ್ಳು ಅಂತ ಹೇಳ್ತಾ ಬಂತು. ಬರ್ಲಿ ಅಂತ ಬಿಟ್ಟೆ."

ಹುಡುಗ ಇರಲಿಲ್ಲ. ಪುಣೆಗೆ, ಸೋದರಮಾವನ ಹೋಟೆಲಿಗೆ ಹೋಗಿ ತಿಂಗಳಾಗಿತ್ತು. ಅಜ್ಜಿ ಕಣ್ಣಚಾಯ, ಹಾಲಿಲ್ಲದ ಚಹಾ, ಮಾಡಿಕೊಟ್ಟರು. "ಮಾಸ್ಟ್ರು ಬಂದದ್ದು ಗೊತ್ತಾದ್ರೆ ಅವನಿಗೆ ಖುಷಿ ಆಗ್ತದೆ" ಎಂದರು. ಮಾಸ್ಟ್ರು ಅರ್ಧ ಗಂಟೆ ಕೂತು ಬಂದರು. ನನಗೆ ಇದನ್ನು ಹೇಳುವಾಗ ಅವರ ಕಣ್ಣು ತುಂಬಿತ್ತು. ನಾನು ಸಮಾಧಾನ ಮಾಡಲಿಲ್ಲ. ಅದು ಪೊಳ್ಳಿನ ದುಃಖ ಅಲ್ಲ, ಒಬ್ಬ ಹುಡುಗ ಕೈತಪ್ಪಿದ ದುಃಖ. ಎರಡೂ ಬೇರೆ ಎಂದು ಅವರಿಗೂ ಗೊತ್ತಾಗಿತ್ತು. ಮೊದಲನೆಯದರ ಗದ್ದಲದಲ್ಲಿ ಎರಡನೆಯದು ಇಷ್ಟು ದಿನ ಕೇಳಿಸಿರಲಿಲ್ಲ.

ಮತ್ತೆ ಕೂಟಕ್ಕೆ

ಸಿಬಿಟಿಯನ್ನು ಪೂರ್ತಿ ಕಟ್ಟಿಡಲಿಲ್ಲ. ಅದರಲ್ಲಿ ವಾದಕ್ಕೆ ಅವಕಾಶವೇ ಇಲ್ಲದ ಒಂದು ಸಾಧನ ಉಂಟು: ಮಾಡಿ ನೋಡುವುದು. ಮಾತಿನ ನಡುವೆ ಹದಿನೈದು ಸೆಕೆಂಡು ನಿಂತರೆ ಏನಾಗುತ್ತದೆ? ಅವರ ಊಹೆ: ಮಕ್ಕಳು ನಗುತ್ತಾರೆ, ಶಿಕ್ಷಕರು ಮುಖಮುಖ ನೋಡುತ್ತಾರೆ. ನಂಬಿಕೆ ನೂರಕ್ಕೆ 90. ಬೆಳಗಿನ ಪ್ರಾರ್ಥನೆಯ ಹೊತ್ತು ಮಾತು ಅರ್ಧದಲ್ಲಿ ನಿಲ್ಲಿಸಿ ಮನಸ್ಸಿನಲ್ಲಿ ಹದಿನೈದು ಎಣಿಸಿದರು. ಗುಸುಗುಸು ಮಾಡುತ್ತಿದ್ದ ಹಿಂದಿನ ಸಾಲು ಬಾಯಿ ಮುಚ್ಚಿತು, ಮಾಸ್ಟ್ರಿಗೆ ಸಿಟ್ಟು ಬಂತೆಂದು. ಊಹೆಯಲ್ಲಿ ಇಲ್ಲದ ಫಲ.

ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಒಂದು ಮನೆಯ ಚಾವಡಿಯ ಕೂಟಕ್ಕೆ ಸಣ್ಣ ಪಾತ್ರ ಒಪ್ಪಿಕೊಂಡರು. ಅದರ ಮುಂದಿನ ಸೋಣ ತಿಂಗಳಲ್ಲಿ ಮತ್ತೆ ವಾಲಿ. ಏನಾಯಿತೆಂದರೆ, ಮತ್ತೆ ಮಾತು ಕಟ್ಟಿತು. ಬೇರೆ ಜಾಗದಲ್ಲಿ, ಕಡಿಮೆ ಹೊತ್ತು, ಆದರೆ ಕಟ್ಟಿತು. ಇದನ್ನು ಮುಚ್ಚಿಟ್ಟು ಬರೆದರೆ ಕತೆ ಚಂದವಾಗುತ್ತಿತ್ತು. "ಬಂತು ಅಂತ ಗೊತ್ತಾಯ್ತು. ಬಿದ್ದ ವಾಲಿ ಅಲ್ವಾ, ಉಸಿರಿಗೆ ಕಷ್ಟ. ಹಾಗೇ ಎದೆ ಹಿಡಿದು ಉಸಿರು ತೆಗೆದೆ. ಎದುರಿನ ರಾಮ ಕಾದ" ಎಂದರು. ಮುಗಿದ ಮೇಲೆ ಯಾರೋ ಬಂದು ಆ ಜಾಗ ಬಹಳ ಭಾವಪೂರ್ಣವಾಗಿತ್ತು ಎಂದರಂತೆ. ಇದನ್ನು ಹೇಳಿ ಇಬ್ಬರೂ ನಕ್ಕೆವು.

ಫಲ

ಹದಿನಾಲ್ಕು ಭೇಟಿ, ಐದು ತಿಂಗಳು. ಆರನೇ ವಾರದಲ್ಲಿ ಮನೋವೈದ್ಯರು ಮತ್ತೆ ನೋಡಿ ಮಾತ್ರೆ ಬೇಡ, ಮುಂದುವರಿಸಿ ಎಂದಿದ್ದರು. ಕೊನೆಗೆ ಜಿಎಡಿ 7, ಪಿಎಚ್‌ಕ್ಯೂ 5. ವಾರಕ್ಕೆ ಎರಡು ಮೂರು ರಾತ್ರಿ ಎಚ್ಚರ ಉಳಿಯಿತು. "ಪೊಳ್ಳು" ಹೋಗಲಿಲ್ಲ. ಅದನ್ನು ಎಷ್ಟು ನಂಬುತ್ತೀರಿ ಎಂದು ಕೇಳಿದಾಗ, "ಅದನ್ನು ಕೇಳಿದರೆ ಮತ್ತೆ ವಾದ ಶುರುವಾಗ್ತದೆ, ಕೇಳಬೇಡಿ" ಎಂದರು.

ಫೆಬ್ರವರಿಯಲ್ಲಿ, ಪೂರ್ವಸಿದ್ಧತಾ ಪರೀಕ್ಷೆಯ ಸಮಯಕ್ಕೆ, ಫೋನು ಬಂತು. ಹತ್ತು ದಿನದಿಂದ ನಿದ್ರೆಯಿಲ್ಲ, ಪುಸ್ತಕ ಮತ್ತೆ ತೆಗೆದಿದ್ದರು. ಎರಡು ಭೇಟಿ ಮಾಡಿದೆವು. ಹೊಸತೇನೂ ಹೇಳಲಿಲ್ಲ.

ನನಗುಳಿದದ್ದು

ಸಿಬಿಟಿ ಸೋತಿತು, ಆಕ್ಟ್ ಗೆದ್ದಿತು ಎಂದು ಇದನ್ನು ಓದಬಾರದು. ಇದೇ ಏಳು ಕಲಮಿನ ಹಾಳೆಯಿಂದ ಮೂರು ವಾರದಲ್ಲಿ ಚೇತರಿಸಿದವರು ನನ್ನಲ್ಲಿದ್ದಾರೆ. ಮಲ್ಪೆ ಬಂದರಿನ ಒಬ್ಬ ಮೀನು ವ್ಯಾಪಾರಿ ಹೆಂಗಸು ಒಂದೇ ಸಲ ಪುರಾವೆ ತೂಗಿ "ಹೌದಲ್ಲ" ಎಂದು ಎದ್ದು ಹೋದದ್ದು ನೆನಪಿದೆ. ಮತ್ತೆ, ಮಾಸ್ಟ್ರು ನನ್ನ ಎರಡನೇ ದಾರಿಯ ಮೊದಲ ಅಭ್ಯಾಸವನ್ನೂ ಬಡಿಗೆ ಮಾಡಿಕೊಂಡವರು. ತಂತ್ರದ ಹೆಸರು ನೋಡಿ ಏನೂ ಗೊತ್ತಾಗುವುದಿಲ್ಲ. ಆ ಮನುಷ್ಯ ಅದನ್ನು ಯಾವುದಕ್ಕೆ ಬಳಸುತ್ತಿದ್ದಾನೆ ಎಂದು ಹೋಗಿ ನೋಡಬೇಕು. ನನಗೆ ಅದು ಕಾಣಲು ಐದು ವಾರ ಬೇಕಾಯಿತು, ಏಕೆಂದರೆ ರೋಗಿ ಬುದ್ಧಿವಂತರಿದ್ದರು, ಮನೆಪಾಠ ತಪ್ಪಿಸುತ್ತಿರಲಿಲ್ಲ, ಕೋಣೆಯಲ್ಲಿ ಇಬ್ಬರಿಗೂ ಹಿತವಾಗಿತ್ತು. ಹೊಸಬರು ಕೇಳಿದರೆ ಹೇಳುತ್ತೇನೆ: ಮನೆಪಾಠ ಮಾಡದವರಿಗಿಂತ ಹೆಚ್ಚು ಮಾಡಿಕೊಂಡು ಬರುವವರ ಮೇಲೆ ಕಣ್ಣಿಡಿ.

ಆಶ್ಲೇಷಾ ಬಲಿಯ ರಾತ್ರಿ ನಿದ್ರೆ ಬಂದದ್ದನ್ನು ಮೊದಲ ದಿನವೇ ಕೇಳಿದ್ದೆ. ಅಂದು ಅವರು ವಾದ ಮಾಡಿರಲಿಲ್ಲ, ಮಾಡಬೇಕಾದ್ದನ್ನು ಮಾಡಿದ್ದರು, ಪಕ್ಕದಲ್ಲಿ ಮನೆಯವರಿದ್ದರು. ಉತ್ತರ ಅಲ್ಲೇ ಅರ್ಧ ಇತ್ತು, ನಾನು ಕಲಂ ಎಳೆಯುವ ಗಡಿಬಿಡಿಯಲ್ಲಿದ್ದೆ.

ಈಗ ನಾನು ಕೊಡುವ ಹಾಳೆಯಲ್ಲಿ ಎಂಟನೆಯ ಕಲಂ ಒಂದು ಉಂಟು: ಇದನ್ನು ಬರೆಯಲು ಎಷ್ಟು ಹೊತ್ತು ಹಿಡಿಯಿತು. ಹಾಕಲು ಹೇಳಿದ್ದು ಮಾಸ್ಟ್ರೇ. ಹದಿನೈದು ನಿಮಿಷ ದಾಟಿದರೆ ಪೆನ್ನು ಕೆಳಗಿಡಬೇಕು ಎಂದು ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿದ್ದೇನೆ.